ಚಾಲು ಶಾಂತವೀರಪ್ಪ

ತಳಕಿನ ಶಾಂತವೀರಪ್ಪನಿಗೆ ಆ ಹೆಸರಿಟ್ಟ ಹಿರಿಯರು ಅವನು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಾಗ ನೋಡಿ ಇಟ್ಟಿರಬೇಕು. ಎದ್ದ ಮೇಲೆ ನೋಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು. ಐವತ್ತೆರಡು ವರ್ಷದ ಆಯಸ್ಸಿನಲ್ಲಿ ಅವನು ಶಾಂತವಾಗಿರುತ್ತಿದ್ದದ್ದು ಎರಡೇ ಹೊತ್ತು. ಒಂದು, ಮಲಗಿದಾಗ. ಇನ್ನೊಂದು, ಶೇಂಗಾಕಾಯಿಯನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಾಗ.

ಈ ಎರಡನೆಯದೇ ಅವನ ಹೊಟ್ಟೆಪಾಡು. ಚಳ್ಳಕೆರೆಯ ಬಸವಜ್ಯೋತಿ ಆಯಿಲ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಅವನು ಮಾಡಿದ್ದು ಇದನ್ನೇ. ಟ್ರ್ಯಾಕ್ಟರು ಬಂದು ನಿಂತರೆ ಮೂಟೆಯ ತಳಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು ಎರಡು ಸಲ ಅಲ್ಲಾಡಿಸುವನು. ಬೀಜ ತುಂಬಿದೆಯೋ, ಮುರುಟಿದೆಯೋ, ತೂಕ ಬರಲಿ ಅಂತ ನೀರು ಚಿಮುಕಿಸಿ ತಂದಿದ್ದಾರೋ, ಎಲ್ಲವನ್ನೂ ಕಾಯಿ ಅವನ ಕಿವಿಯಲ್ಲಿ ಹೇಳಿಬಿಡುತ್ತಿತ್ತು. ಆಮೇಲೆ ಒಡೆದು ನೋಡಿದರೂ ಅಷ್ಟೇ. ಸುಳ್ಳು ಹೇಳುವ ರೈತರಿದ್ದರು, ಸುಳ್ಳು ಹೇಳುವ ಕಾಯಿ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಗೌರವದ ಕೆಲಸವೂ ಅವನದೇ. ಬೆಳಿಗ್ಗೆ ಎಂಟಕ್ಕೆ ಮಿಲ್ಲು ಕೂಗುತ್ತಿತ್ತು. ಆ ಕೂಗು ಕೇಳಿ ಅರ್ಧ ಊರು ಗಡಿಯಾರ ಸರಿ ಮಾಡಿಕೊಳ್ಳುತ್ತಿತ್ತು, ಇನ್ನರ್ಧ ಊರು ಹಾಸಿಗೆ ಬಿಟ್ಟು ಏಳುತ್ತಿತ್ತು. ಕೂಗು ನಿಂತ ಮೇಲೆ, ಬೆಲ್ಟಿನ ಹತ್ತಿರ ಯಾರ ಕೈಯೂ ಇರಬಾರದೆಂದು, ಶಾಂತವೀರಪ್ಪ ಎದೆ ತುಂಬ ಉಸಿರು ತೆಗೆದುಕೊಂಡು 'ಚಾಲೂ...' ಎಂದು ಎಳೆಯುತ್ತಿದ್ದ. ಅವನು ಚಾಲು ಅನ್ನದೆ ಸ್ವಿಚ್ಚು ಬೀಳುವಂತಿರಲಿಲ್ಲ. ಮಾಲೀಕರೇ ಬಂದು ನಿಂತಿದ್ದರೂ ಅಷ್ಟೇ. ಹಾಗಾಗಿ ಪೇಟೆಯಲ್ಲಿ ಅವನಿಗೆ ಚಾಲು ಶಾಂತವೀರಪ್ಪ ಎಂದೇ ಹೆಸರು. ಮಗಳು ಗಂಗಾಂಬಿಕಾ ಚಿಕ್ಕವಳಿದ್ದಾಗ ಊಟಕ್ಕೆ ಹಟ ಮಾಡಿದರೆ ಎರಡೂ ಕೈಯನ್ನು ಬಾಯಿಗೆ ಹಿಡಿದು ಮಿಲ್ಲಿನ ಹಾಗೆ ಕೂಗುತ್ತಿದ್ದ. ಅವಳು ಬೆರಗಾಗಿ ಬಾಯಿ ತೆರೆದಾಗ ಹೆಂಡತಿ ದಾಕ್ಷಾಯಿಣಿ ತುತ್ತು ಇಡುತ್ತಿದ್ದಳು. ಮಗಳು ಮದುವೆಯಾಗಿ ದಾವಣಗೆರೆ ಸೇರಿದಳು. ಕೂಗು ಗಂಟಲಲ್ಲಿ ಉಳಿದಿತ್ತು.

ಪಾಕೀಟಿನ ಎಣ್ಣೆ ಬಂದು ಒಂದೊಂದೇ ಮಿಲ್ಲು ಮುಚ್ಚಿದಾಗ ಶಾಂತವೀರಪ್ಪ ಆ ಎಣ್ಣೆಯನ್ನೂ ಅದನ್ನು ತಿನ್ನುವವರನ್ನೂ ಬೈದ. ಕೊನೆಗೆ ತನ್ನದೇ ಮಿಲ್ಲು ಮುಚ್ಚಿತು. ಮಾಲೀಕರ ಮಕ್ಕಳು ಕೆಲಸದವರು ಹದಿನೆಂಟು ಜನಕ್ಕೂ ಶಾಲು ಹೊದಿಸಿ, ಕೈಗೆ ಒಂದೊಂದು ಡಬ್ಬಿ ಎಣ್ಣೆ ಕೊಟ್ಟು, ನೀವಿಲ್ಲದೆ ನಾವಿಲ್ಲ ಎಂದು ಭಾಷಣ ಮಾಡಿ ಮನೆಗೆ ಕಳಿಸಿದರು. ಮಾರನೆಯ ವಾರ ಗುಜರಿ ಲಾರಿ ಬಂತು. ಗಾಣ ಹೋಯಿತು, ಬೆಲ್ಟು ಹೋಯಿತು. ಕೂಗುವ ಯಂತ್ರವನ್ನು ಲಾರಿಗೆ ಎತ್ತುವಾಗ ಮಾತ್ರ ಶಾಂತವೀರಪ್ಪ ಗೋಡೆಯ ಕಡೆ ತಿರುಗಿ ನಿಂತ. ಬೀಡಿ ಹಚ್ಚುತ್ತಿದ್ದೆ ಎಂದು ಆಮೇಲೆ ಹೇಳಿದ. ಅವನು ಬೀಡಿ ಸೇದುವವನಲ್ಲ.

ಈಗ ದಾಕ್ಷಾಯಿಣಿಯ ಅಣ್ಣ ಮುರುಗೇಂದ್ರಪ್ಪನ ವಿಷಯ ಹೇಳಬೇಕು. ಚಳ್ಳಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಮನುಷ್ಯ ಕೆಟ್ಟವನಲ್ಲ, ಉಪಕಾರ ಮಾಡುವವನು. ಅದೇ ಅವನಲ್ಲಿದ್ದ ದೋಷ. ಮಿಲ್ಲು ಮುಚ್ಚಿದ ಮೂರನೇ ದಿನವೇ ಕಾರು ತಂದು ನಿಲ್ಲಿಸಿ, "ಅಳಿಯಂದ್ರೇ, ಅಂಗಡ್ಯಾಗೆ ಸ್ಟೂಲು ಖಾಲಿ ಐತೆ. ಬಂದು ಕುಂತ್ಕಳ್ರಿ, ಸಾಕು," ಎಂದ.

ಆ ಸ್ಟೂಲು ಶಾಂತವೀರಪ್ಪನಿಗೆ ಗೊತ್ತಿತ್ತು. ಬಾಗಿಲ ಪಕ್ಕ, ಯೂರಿಯಾ ಚೀಲಗಳ ನಡುವೆ, ಒಂದು ಕಾಲು ಗಿಡ್ಡವಾಗಿದ್ದ ಸ್ಟೂಲು. ಅದರ ಮೇಲೆ ಕೂತವನನ್ನು ಭಾವ ಬಂದವರಿಗೆಲ್ಲ ತೋರಿಸಿ, ನಮ್ಮ ತಂಗಿ ಗಂಡ, ಪಾಪ, ಕೆಲಸ ಹೋಯ್ತು ಅನ್ನುವುದು ಅವನ ಬಲಗಿವಿಗೆ ಆಗಲೇ ಕೇಳಿಸಿತು. ಯುಗಾದಿ ಒಳಗೆ ಬೇರೆ ಕೆಲಸ ಹಿಡಿದು ತೋರಿಸ್ತೀನಿ, ಇಲ್ಲದಿದ್ದರೆ ನಿಮ್ಮ ಸ್ಟೂಲೇ ಗತಿ ಎಂದು ಸಿಟ್ಟಿನಲ್ಲಿ ಮಾತು ಕೊಟ್ಟುಬಿಟ್ಟ. ಯುಗಾದಿಗೆ ಉಳಿದಿದ್ದದ್ದು ಎರಡು ತಿಂಗಳು.

ಮೊದಲು ಹುಲ್ಲುಗಾವಲಿನ ಕಡೆಯ ಹೊಸ ಕಟ್ಟಡಗಳಿಗೆ ವಾಚ್‌ಮನ್ ಬೇಕಂತೆ ಎಂದು ದೊಡ್ಡಉಳ್ಳಾರ್ತಿಗೆ ಹೋದ. ವಯಸ್ಸು ಹನ್ನೆರಡು ವರ್ಷ ಜಾಸ್ತಿ, ಎದೆಯ ಅಳತೆ ಎರಡು ಇಂಚು ಕಡಿಮೆ ಎಂದರು. ಕಳ್ಳನ್ನ ಎದೆಯಿಂದ ಹಿಡೀತಾರೇನ್ರಿ ಎಂದು ಕೇಳಿ, ಬಂದ ಬಸ್ಸಿಗೇ ವಾಪಸ್ಸಾದ. ಆಮೇಲೆ ಚಳ್ಳಕೆರೆಯಲ್ಲಿ ಉದ್ಯೋಗ ಮೇಳ ಬಂತು. ಅದಕ್ಕೆ ಬಯೋಡೇಟಾ ಬೇಕೆಂದು ಜೆರಾಕ್ಸ್ ಅಂಗಡಿಯ ಸಂಗಮೇಶನ ಮುಂದೆ ಕೂತ. ಗೊತ್ತಿರುವ ಭಾಷೆಗಳು ಎಂಬಲ್ಲಿ ಕನ್ನಡ ಎಂದು ಬರೆದ ಮೇಲೆ ಸಾಲು ಬೋಳಾಗಿ ಕಂಡಿತು.

"ಇನ್ನೊಂದು ಹಾಕಿದ್ರೆ ಚೆಂದ ಕಾಣ್ತೈತಣ್ಣ," ಎಂದ ಸಂಗಮೇಶ್.

"ತೆಲುಗು ಹಾಕು. ಲಾರಿ ಡ್ರೈವರ್ ಜೊತೆ ಇಪ್ಪತ್ತಾರು ವರ್ಷ ಮಾತಾಡೀನಿ."

ಮಾತಾಡಿದ್ದೇನೋ ನಿಜ. ಅವರು ತೆಲುಗಿನಲ್ಲಿ ಬೈಯುತ್ತಿದ್ದರು, ಇವನು ಕನ್ನಡದಲ್ಲಿ ಬೈಯುತ್ತಿದ್ದ. ಬೈಗುಳಕ್ಕೆ ಅನುವಾದ ಬೇಕಾಗಿರಲಿಲ್ಲ.

ಮೇಳದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಹುಡುಗಿ ನಿಮ್ಮ ಸ್ಕಿಲ್ ಏನು ಎಂದಳು. ಹಾಗಂದರೆ ಏನೆಂದು ಹಿಂದಿದ್ದವರನ್ನು ಕೇಳಿ ತಿಳಿದುಕೊಂಡು, ಶಾಂತವೀರಪ್ಪ ಹೆಮ್ಮೆಯಿಂದ "ಕಿವಿ," ಎಂದ. ಹುಡುಗಿಯ ಮುಖ ಕರಗಿತು. ಎದ್ದು ಬಂದು, ಕೈ ಹಿಡಿದು, ಮೂಲೆಯಲ್ಲಿದ್ದ ವಿಶೇಷಚೇತನರ ಮೇಜಿಗೆ ಕೂರಿಸಿ ಹೋದಳು. ಅಲ್ಲಿದ್ದ ಅಧಿಕಾರಿ ತುಟಿಗಳನ್ನು ಅಗಲ ಮಾಡಿ, ಎಷ್ಟು... ವರ್ಷದಿಂದ... ಎಂದು ಒಂದೊಂದೇ ಮಾತನ್ನು ಬೆರಳು ಕುಣಿಸಿ ಕೇಳತೊಡಗಿದ. ಶಾಂತವೀರಪ್ಪ ತಡೆದುಕೊಂಡ, ತಡೆದುಕೊಂಡ, ಆಮೇಲೆ ತಡೆದುಕೊಳ್ಳಲಿಲ್ಲ.

"ನಿಮ್ಗಿಂತ ಚೆನ್ನಾಗಿ ಕೇಳಿಸ್ತೈತೆ ನಂಗೆ. ನಿಮ್ಮ ಟೇಬಲ್ ಫ್ಯಾನಿನ ಬೇರಿಂಗ್ ಹೋಗೈತೆ, ಮಧ್ಯಾಹ್ನಕ್ಕೆ ನಿಲ್ತೈತೆ, ಅದು ಕೇಳಿಸ್ತೈತೇನ್ರಿ ನಿಮಗೆ?"

ಅಧಿಕಾರಿ ಫಾರಮ್ಮಿನಲ್ಲಿ 'ಮಾತು ಸ್ಪಷ್ಟವಾಗಿದೆ' ಎಂದು ಹಸಿರು ಶಾಯಿಯಲ್ಲಿ ಬರೆದು ಸಹಿ ಹಾಕಿದ. ಫ್ಯಾನು ಊಟದ ಹೊತ್ತಿಗೆ ನಿಂತಿತು. ಆದರೆ ಫ್ಯಾನು ನಿಲ್ಲುವುದನ್ನು ಮೊದಲೇ ಹೇಳುವವರು ಬೇಕು ಎಂದು ಯಾವ ಕಂಪನಿಯೂ ಅಲ್ಲಿಗೆ ಬಂದಿರಲಿಲ್ಲ.

ಯುಗಾದಿಗೆ ಮೂರು ವಾರ ಇದೆ ಎನ್ನುವಾಗ ದಾರಿ ತೋರಿಸಿದವಳು ರಂಗಕ್ಕ. ತಳಕಿನ ಬಸ್ ನಿಲ್ದಾಣದಲ್ಲಿ ಚಹಾ ಅಂಗಡಿ ಇಟ್ಟವಳು, ತವರು ಗಡಿಯಾಚೆಯ ರಾಯದುರ್ಗದ ಕಡೆ. ಮೊಳಕಾಲ್ಮುರಿನ ರೇಷ್ಮೆ ಸೀರೆ ಸಾಹುಕಾರ ಎರ್ರಿಸ್ವಾಮಿಯ ಮಗ್ಗದ ಶೆಡ್ಡಿಗೆ ನೋಡಿಕೊಳ್ಳುವ ಮೇಸ್ತ್ರಿ ಬೇಕಂತೆ, ಮನೆಮಾತು ತೆಲುಗು, ನಿನಗೆ ಬರ್ತೈತಾ ಎಂದಳು. ಬರದೇ ಏನು ಎಂದು ಶಾಂತವೀರಪ್ಪ ಬಯೋಡೇಟಾ ಬಿಚ್ಚಿ ತೋರಿಸಿದ. ಅಚ್ಚಾದ ಮೇಲೆ ಅವನಿಗೇ ಅದರ ಮೇಲೆ ನಂಬಿಕೆ ಬಂದಿತ್ತು.

ಇಪ್ಪತ್ತಾರು ವರ್ಷ ಅವನು ಚಳ್ಳಕೆರೆ ಬಸ್ಸಿಗೆ ನಿಂತದ್ದು ರಸ್ತೆಯ ಒಂದೇ ಬದಿಯಲ್ಲಿ, ಒಂದೇ ಬೇವಿನ ಮರದ ಕೆಳಗೆ. ಮೊಳಕಾಲ್ಮುರು ಬಸ್ಸಿಗೆ ರಸ್ತೆ ದಾಟಿ ನಿಲ್ಲಬೇಕು. ಅಂದು ದಾಟಿ ನಿಂತವನಿಗೆ ಎದುರುಗಡೆ ಆ ಮರ ಕಂಡಿತು. ಅಷ್ಟು ವರ್ಷ ಅದರ ಕೆಳಗೆ ನಿಂತಿದ್ದರೂ ಮರ ಎಷ್ಟು ಎತ್ತರ ಬೆಳೆದಿದೆ ಎಂದು ನೋಡಿರಲಿಲ್ಲ. ಬಸ್ಸು ಬರುವ ತನಕ ಅದನ್ನೇ ನೋಡಿದ.

ಎರ್ರಿಸ್ವಾಮಿಗೆ ಎಪ್ಪತ್ತು ದಾಟಿತ್ತು. ಬಯೋಡೇಟಾದಲ್ಲಿ ತೆಲುಗು ಎಂದು ಕಂಡದ್ದೇ ಖುಷಿಯಾಗಿ ತೆಲುಗಿನಲ್ಲೇ ಶುರು ಮಾಡಿದ. ಶಾಂತವೀರಪ್ಪ ಒಂದು ಉಪಾಯ ಹೂಡಿದ: ಅವರು ಉಸಿರು ತೆಗೆದುಕೊಂಡಾಗ ತಲೆ ಆಡಿಸುವುದು, ಎರಡನೇ ಮಾತು ಬರುವ ಮೊದಲೇ ತಾನು ಕನ್ನಡದಲ್ಲಿ ಹಿಡಿದುಕೊಳ್ಳುವುದು. ಆ ಗಡಿಯಲ್ಲಿ ಒಬ್ಬರು ತೆಲುಗು ಒಬ್ಬರು ಕನ್ನಡ ಮಾತಾಡಿಯೇ ಸಂಸಾರಗಳು ನಡೆಯುತ್ತವೆ, ಸಾಹುಕಾರನಿಗೆ ಅನುಮಾನ ಬರಲಿಲ್ಲ. ಶಾಂತವೀರಪ್ಪ ಮಿಲ್ಲಿನ ಕಥೆ ತೆಗೆದ. ಕಾಯಿಯ ಕಥೆ, ಕಿವಿಯ ಕಥೆ. ಕೊನೆಗೆ ತನ್ನ ಜೀವಮಾನದ ದೊಡ್ಡ ಕಥೆಗೆ ಬಂದ.

"ಒಂದ್ಸಲ ಈ ಮೊಳಕಾಲ್ಮುರು ಕಡೆಯೋರೇ ಸಾವ್ಕಾರ್ರೇ, ಒಂದು ಲೋಡು ತಂದಿದ್ರು. ಒಂದೇ ಕಾಯಿ ಅಲ್ಲಾಡ್ಸಿದೆ. ಇಡೀ ಪೇಟೆ ಮುಂದೆ ಹೇಳ್ದೆ, ಇದು ಶೇಂಗಾ ಅಲ್ಲ, ಸ್ನಾನ ಮಾಡ್ಸಿದ ಶೇಂಗಾ, ಮನೆಗೊಯ್ದು ಮೈ ಒರೆಸ್ಕಂಡು ಬನ್ನಿ ಅಂದೆ. ತಲೆ ತಗ್ಗಿಸ್ಕಂಡು ವಾಪಸ್ ಹೊಡ್ಕಂಡು ಹೋದ್ರು."

ಎರ್ರಿಸ್ವಾಮಿಯ ಮುಖ ಇದ್ದಕ್ಕಿದ್ದಂತೆ ಬದಲಾಯಿತು. ಕೈ ಮೇಲೆತ್ತಿ, "ಚಾಲು. ಇಂಕ ಚಾಲು. ಪೋಯಿ ರಾ," ಎಂದು ಎದ್ದುಬಿಟ್ಟ. ಬಾಗಿಲಲ್ಲಿ ಕಾರು ಕಾಯುತ್ತಿತ್ತು. ಮೊಮ್ಮಗಳ ಬಾಣಂತನಕ್ಕೆಂದು ಧರ್ಮಾವರಕ್ಕೆ ಹೊರಟುಹೋದ.

ಶಾಂತವೀರಪ್ಪನ ಕಣ್ಣು ಒದ್ದೆಯಾಯಿತು. ಚಾಲು. ಎಷ್ಟು ದಿನವಾಗಿತ್ತು ಆ ಮಾತು ಕಿವಿಗೆ ಬಿದ್ದು. ಪೋಯಿ ರಾ, ಹೋಗಿ ಬಾ. ನಾಳೆ ಬಾ ಎಂದೇ ತಾನೆ? ಸಾಹುಕಾರರ ಸೀರೆ ಅಂಗಡಿ ನೋಡಿಕೊಳ್ಳುತ್ತಿದ್ದ ಗುಮಾಸ್ತ ಅಂಜಿನೇಯನ ಹತ್ತಿರ ಹೋಗಿ ಯಜಮಾನರು ಚಾಲು ಅಂದರು ಎಂದು ಹೇಳಿದ. ಕನ್ನಡದಲ್ಲಿ ಹೇಳಿದ ಮಾತನ್ನು ಅಂಜಿನೇಯ ಕನ್ನಡದಲ್ಲೇ ಅರ್ಥ ಮಾಡಿಕೊಂಡ. ರೇಷ್ಮೆ ಮಾತ್ರ ಮುಟ್ಟಬೇಡಿ, ನಿಮ್ಮ ಕೈಯಲ್ಲಿ ಇನ್ನೂ ಎಣ್ಣೆ ವಾಸನೆ ಐತೆ ಎಂದು ಎಚ್ಚರಿಕೆ ಹೇಳಿ, ಶೆಡ್ಡಿನ ಇನ್ನೊಂದು ಬೀಗದ ಕೈ ಕೊಟ್ಟ.

ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ಎಂಟು ಮಗ್ಗ, ಎಂಟು ಜನ ನೇಕಾರರು, ಎಲ್ಲ ದಿನಗೂಲಿಯವರು. ನಾಲ್ಕು ಜನ ರಾಯದುರ್ಗದ ಕಡೆಯಿಂದ ಬರುವ ತೆಲುಗಿನವರು, ನಾಲ್ಕು ಜನ ಈಚೆಯ ಕನ್ನಡದವರು. ಆಗಲೇ ಕೂತು ಲಾಳಿ ಎಸೆಯುತ್ತಿದ್ದರು. ಶಾಂತವೀರಪ್ಪ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು, ಎದೆ ತುಂಬ ಉಸಿರು ಎಳೆದು, ಹಳೆಯ ದೇವರುಗಳನ್ನೆಲ್ಲ ನೆನೆದು, "ಚಾಲೂ..." ಎಂದ.

ನಾಲ್ಕು ಮಗ್ಗ ನಿಂತವು. ತೆಲುಗಿನ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈ ತೊಳೆದು, ಚಹಾಕ್ಕೆ ಹೊರಟರು.

ಹೊಸಬನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ ಶಾಂತವೀರಪ್ಪ. ಅವರು ಬಂದು ಕೂತ ಮೇಲೆ ಇನ್ನೂ ಗಟ್ಟಿಯಾಗಿ ಕೂಗಿದ. ಅವರು ಮತ್ತೆ ಎದ್ದರು. "ಚಾಲು ಕಣ್ರಲೇ, ಚಾಲು," ಎಂದು ಅಂಗಳದವರೆಗೂ ಅಟ್ಟಿಸಿಕೊಂಡು ಹೋದ. ಇಷ್ಟು ಒತ್ತಾಯ ಮಾಡುವಾಗ ಬೇಡ ಅನ್ನುವುದು ಹೇಗೆಂದು ಅವರು ಊಟದ ಡಬ್ಬಿಯನ್ನೂ ಬಿಚ್ಚಿದರು. ಕನ್ನಡದ ನಾಲ್ವರು ಮೂರು ದಿನ ಇದನ್ನು ನೋಡಿದರು. ನಾಲ್ಕನೇ ದಿನ ಅವರೂ ತೆಲುಗು ಕಲಿತರು.

ನೇಕಾರರಿಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಮೂರನೇ ಮಗ್ಗದ ಕ್ಯಾತಣ್ಣ, ನಲವತ್ತು ವರ್ಷ ನೇಯ್ದವನು, ಇಂಥ ಮೇಸ್ತ್ರಿಯನ್ನು ನಾನು ಕಂಡಿಲ್ಲ, ಬೆಳಿಗ್ಗೆ ಬಂದವನೇ ಸಾಕು ಅಂತಾನೆ ಎಂದು ಮನೆಯಲ್ಲಿ ಹೇಳಿಕೊಂಡ. ಶಾಂತವೀರಪ್ಪ ಮಾತ್ರ ಗಂಟಲು ಕಟ್ಟಿ ಊರಿಗೆ ಬರುತ್ತಿದ್ದ. ಊರಲ್ಲಿ ಆಗಲೇ ಅವನು ದೊಡ್ಡ ಮನುಷ್ಯ. ದಾಕ್ಷಾಯಿಣಿ ಫೋನಿನಲ್ಲಿ ತವರಿಗೆಲ್ಲ ಹೇಳಿದ್ದಳು. ಅದು ಮುರುಗೇಂದ್ರಪ್ಪನ ಅಂಗಡಿ ತಲುಪುವ ಹೊತ್ತಿಗೆ ಮೇಸ್ತ್ರಿ ಹೋಗಿ ಮ್ಯಾನೇಜರ್ ಆಗಿತ್ತು.

ಹತ್ತನೇ ದಿನ ಬೆಳಿಗ್ಗೆ ರಂಗಕ್ಕನ ಅಂಗಡಿಯಲ್ಲಿ ಕೂತು ಅವನು ಗೋಳು ತೋಡಿಕೊಂಡ. ರೇಷ್ಮೆ ಜನಕ್ಕೆ ಶಿಸ್ತಿಲ್ಲ, ಎಣ್ಣೆ ಜನಕ್ಕಿತ್ತು. ಚಾಲು ಅಂದ ಕೂಡಲೇ ಎದ್ದು ಹೋಗುತ್ತಾರೆ ಎಂದ.

ಚಹಾ ಸೋಸುತ್ತಿದ್ದ ರಂಗಕ್ಕನ ಕೈ ನಿಂತಿತು. "ಶಾಂತವೀರಣ್ಣ, ತೆಲುಗಿನಾಗೆ ಚಾಲು ಅಂದ್ರೆ ಏನು ಹೇಳು."

"ಚಾಲು ಅಂದ್ರೆ ಚಾಲು."

"ಸಾಕು ಅಂತ."

ಶಾಂತವೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅದಕ್ಕೇ ಆ ನನ್ಮಕ್ಕಳು ಎದ್ದು ಹೋಗುತ್ತಿದ್ದದ್ದು ಎಂದು ತೊಡೆ ತಟ್ಟಿಕೊಂಡು ನಕ್ಕ. ನಗು ಅರ್ಧಕ್ಕೆ ಬಂದಾಗ ಏನೋ ನೆನಪಾಯಿತು. ಲೋಟ ಕೆಳಗಿಟ್ಟ.

"ಇಂಕ ಅಂದ್ರೆ?"

"ಇನ್ನು."

"ಇಂಕ ಚಾಲು?"

"ಇನ್ನು ಸಾಕು. ಯಾರಿಗಂದ್ರು?"

"ಪೋಯಿ ರಾ ಅಂದ್ರೆ ನಾಳೆ ಬಾ ಅಂತ ತಾನೆ ರಂಗಕ್ಕ?"

ರಂಗಕ್ಕ ಅವನ ಮುಖ ನೋಡಿ, ಸೋಸುವ ಬಟ್ಟೆಯನ್ನು ಹಿಂಡಿದಳು. "ಹೋಗಿ ಬಾರಪ್ಪ ಅಂತ. ಬೇಡದೋರನ್ನ ಕಳಿಸ್ಬೇಕಾದ್ರೂ ಹಂಗೇ ಅಂತೀವಿ."

ಇಷ್ಟು ಹೊತ್ತಿಗೆ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಬೈಯಲು ಯಾರನ್ನಾದರೂ ಹುಡುಕಬೇಕಾಗಿತ್ತು. ಆದರೆ ಆಗಲೇ ಮುರುಗೇಂದ್ರಪ್ಪನ ಕಾರು ಬಂದು ನಿಂತಿತು. ಒಳಗೆ ದಾಕ್ಷಾಯಿಣಿ ಹೊಸ ಸೀರೆ ಉಟ್ಟು ಕೂತಿದ್ದಳು. ಭಾವನ ಕಡೆ ಮದುವೆ ಇತ್ತು. ಅಳಿಯನೇ ಮ್ಯಾನೇಜರ್ ಆಗಿರುವಾಗ ಸೀರೆ ಅಲ್ಲೇ ತೆಗೆಯೋಣ, ಅಳಿಯನ ಕೆಲಸವನ್ನೂ ಕಣ್ಣಾರೆ ನೋಡೋಣ ಎಂದು ಹೊರಟಿದ್ದರು. ಹೊಟ್ಟೆನೋವು ಎಂದ ಶಾಂತವೀರಪ್ಪ. ಕಾರಿನಲ್ಲಿ ಮಾತ್ರೆ ಇತ್ತು. ಉಪಕಾರ ಮಾಡುವ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

ಶೆಡ್ಡಿನಲ್ಲಿ ಎಂಟೂ ಮಗ್ಗ ನಡೆಯುತ್ತಿದ್ದವು. ಶಾಂತವೀರಪ್ಪ ತುಟಿ ಹೊಲಿದುಕೊಂಡವನಂತೆ ಕಂಬ ಹಿಡಿದು ನಿಂತ. ಮುರುಗೇಂದ್ರಪ್ಪ ಸುತ್ತು ಹಾಕಿ ಎಲ್ಲ ನೋಡಿ, ಮಿಲ್ಲಿನಾಗೆ ಚಾಲು ಅಂತ ಕೂಗ್ತಿದ್ರಂತಲ್ಲ, ಒಂದ್ಸಲ ಕೂಗ್ರಿ ನೋಡಾನ ಎಂದ. ಅವನ ಮಾತನ್ನಾದರೆ ತಳ್ಳಿಹಾಕಬಹುದಿತ್ತು. ಆದರೆ ದಾಕ್ಷಾಯಿಣಿ ಹತ್ತಿರ ಬಂದಳು.

"ಕೂಗ್ರಿ. ಮನೆಯಾಗೆ ನೀವು ಜೋರಾಗಿ ಮಾತಾಡಿ ಎಷ್ಟು ದಿನ ಆತು. ಸುಮ್ನಿರೋ ಗಂಡನ್ನ ನೋಡಿ ನಂಗೆ ಭಯ ಆಗ್ತೈತೆ."

ಶಾಂತವೀರಪ್ಪ ಕಣ್ಣು ಮುಚ್ಚಿ ಕೂಗಿದ. "ಚಾಲೂ..."

ಎಂಟೂ ಮಗ್ಗ ಒಟ್ಟಿಗೇ ನಿಂತವು. ಆ ನಿಶ್ಶಬ್ದದಲ್ಲಿ ಬಾಗಿಲಿನಿಂದ ಯಾರೆಂದು ಕೇಳುವ ಒಂದು ದನಿ ಬಂತು. "ಎವರು?"

ಎರ್ರಿಸ್ವಾಮಿ ಧರ್ಮಾವರದಿಂದ ಬಂದು ಇಳಿದಿದ್ದ. ಆಮೇಲೆ ನಡೆದದ್ದನ್ನೆಲ್ಲ ಬರೆದರೆ ಶಾಂತವೀರಪ್ಪನ ಮಾನ ಉಳಿಯುವುದಿಲ್ಲ. ಅಂಜಿನೇಯನನ್ನು ಕರೆಸಿ ಕೇಳಿದ್ದಾಯಿತು, ನೇಕಾರರನ್ನು ಕೇಳಿದ್ದಾಯಿತು; ಹತ್ತು ದಿನಕ್ಕೆ ನೇಯ್ದದ್ದು ಐದು ದಿನದ ಸೀರೆ ಎಂದು ಗೊತ್ತಾಯಿತು. ಕೊನೆಗೆ ಶಾಂತವೀರಪ್ಪ ಹೆಂಡತಿಯ ಎದುರು, ಭಾವನ ಎದುರು ಹೇಳಬೇಕಾಯಿತು: "ನಂಗೆ ತೆಲುಗು ಬರಲ್ಲ ಸಾವ್ಕಾರ್ರೇ. ನೀವು ಚಾಲು ಅಂದ್ರಿ. ಇಪ್ಪತ್ತಾರು ವರ್ಷ ಆ ಮಾತಿಗೆ ನಂಗೆ ಒಂದೇ ಅರ್ಥ ಗೊತ್ತಿದ್ದದ್ದು."

ಎರ್ರಿಸ್ವಾಮಿ ನೇಕಾರರ ಕಡೆ ತಿರುಗಿ ಕೂರುವಂತೆ ಕೈ ಮಾಡಿದ. ಮಗ್ಗಗಳು ಮತ್ತೆ ನಡೆದವು. ಮುರುಗೇಂದ್ರಪ್ಪ ಅಳಿಯನ ಹೆಗಲ ಮೇಲೆ ಕೈ ಹಾಕಿ, ನಡೀರಿ, ಸ್ಟೂಲು ಹಂಗೇ ಐತೆ ಎಂದ. ದಾಕ್ಷಾಯಿಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಶಾಂತವೀರಪ್ಪ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಹೊರಟ. ಹೊಸ್ತಿಲವರೆಗೆ ಹೋದವನು ನಿಂತ. ತಲೆಯನ್ನು ಬಲಕ್ಕೆ ವಾಲಿಸಿದ. ಹತ್ತು ದಿನ ತನ್ನದೇ ಕೂಗಾಟದಲ್ಲಿ ಅವನಿಗೆ ಮಗ್ಗದ ಸದ್ದು ಸರಿಯಾಗಿ ಕೇಳಿಸಿರಲಿಲ್ಲ.

"ಕ್ಯಾತಣ್ಣನ ಮಗ್ಗ ಕುಂಟ್ತೈತೆ."

ಕ್ಯಾತಣ್ಣನಿಗೆ ಸಿಟ್ಟು ಬಂತು. ನಲವತ್ತು ವರ್ಷದ ಕೈ ನಂದು, ಎಣ್ಣೆ ಗಾಣದೋನು ನಂಗೆ ಹೇಳ್ತಾನಾ ಎಂದ. ಹತ್ತು ದಿನದ ಪ್ರೀತಿ ಒಂದು ಮಾತಿಗೆ ಹೋಯಿತು.

"ಬೈರಿ, ಆಮೇಲೆ ಬೈರಿ. ಮೊದ್ಲು ನಿಲ್ಸಿ ನೋಡ್ರಿ," ಎಂದು ಶಾಂತವೀರಪ್ಪ ಗುಡುಗಿದ. "ಎಂಟು ಸಲಕ್ಕೊಂದ್ಸಲ ಮೇಲೆ ಒಂದು ಕಡ್ಡಿ ಬೀಳೋ ಸದ್ದು ಕಮ್ಮಿ ಐತೆ. ಕುಂಟೋ ಎತ್ತಿನ ಥರ."

ಬೈಯುವ ದನಿಯಲ್ಲಿ ಸುಳ್ಳಿರಲಿಲ್ಲ. ಎರ್ರಿಸ್ವಾಮಿ ಮಗ್ಗ ನಿಲ್ಲಿಸಿದ. ನೇಯುವವನಿಗೆ ಕಾಣುವುದು ಸೀರೆಯ ಬೆನ್ನು, ಮುಖ ಕೆಳಗಿರುತ್ತದೆ. ಅಂಜಿನೇಯ ಕೆಳಗೆ ಬಗ್ಗಿ ಕನ್ನಡಿ ಹಿಡಿದ. ಅಂಚಿನ ತುಂಬ ನವಿಲುಗಳ ಸಾಲು. ಕೊನೆಯ ನಾಲ್ಕು ನವಿಲಿಗೆ ಒಂದೊಂದೇ ಕಾಲು. ಮೇಲೆ ನೋಡಿದರೆ ಒಂದು ದಾರ ಕಡಿದು, ಚಿತ್ತಾರದ ಎಳೆ ಎತ್ತುವ ಕಡ್ಡಿ ಪಕ್ಕಕ್ಕೆ ಜೋತು ಬಿದ್ದಿತ್ತು. ಹಾಗೇ ಬಿಟ್ಟಿದ್ದರೆ ಮದುವೆ ಹೆಣ್ಣು ಸೆರಗಿನವರೆಗೂ ಕುಂಟು ನವಿಲುಗಳನ್ನೇ ಉಟ್ಟುಕೊಳ್ಳಬೇಕಾಗಿತ್ತು.

ಎರ್ರಿಸ್ವಾಮಿ ಬಗ್ಗಿ ಕನ್ನಡಿಯಲ್ಲಿ ನವಿಲುಗಳ ಕಾಲನ್ನು ಒಂದೊಂದಾಗಿ ಎಣಿಸಿದ. ಆಮೇಲೆ ಅಚ್ಚ ಕನ್ನಡದಲ್ಲಿ ಕೇಳಿದ. "ಆ ಸ್ನಾನ ಮಾಡ್ಸಿದ ಶೇಂಗಾ. ಎತ್ತಿನ ಗಾಡಿಯೋ, ಟ್ರ್ಯಾಕ್ಟ್ರೋ?"

"ಟ್ರ್ಯಾಕ್ಟ್ರು. ಕೆಂಪುದು."

"ನಂದೇ ಅದು. ನೀರು ಹೊಡೆದೋನು ನಮ್ಮಣ್ಣ, ನಂಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅವ್ನನ್ನ ಕೇಳಿದ ಮೇಲೆ ಗೊತ್ತಾತು. ಅದಾದ ಮೇಲೆ ನಾನು ಶೇಂಗಾ ಬಿಟ್ಟು ಸೀರೆ ಹಿಡಿದೆ." ತಡೆದು, ಮೂಗು ಒರೆಸಿಕೊಂಡ. "ಅವತ್ತು ನೀನು ಆ ಕಥೆ ತೆಗೆದಾಗ ಚಾಲು ಅನ್ನದೆ ಇನ್ನೇನನ್ನಲಿ?"

ಮುರುಗೇಂದ್ರಪ್ಪ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುವುದನ್ನು ನಿಲ್ಲಿಸಿದ.

ಎರ್ರಿಸ್ವಾಮಿ ಕಿಟಕಿಯಿಂದ ಬೀಗದ ಕೈ ತೆಗೆದು ಶಾಂತವೀರಪ್ಪನ ಕಡೆ ಚಾಚಿದ. "ಸರಿ. ನಾಳೆಯಿಂದ ಚಾಲು."

ಶಾಂತವೀರಪ್ಪ ಕೈ ನೀಡಲಿಲ್ಲ. ಒಂದು ಸಲ ಬಿದ್ದ ಹಳ್ಳಕ್ಕೆ ಇನ್ನೊಂದು ಸಲ ಬೀಳುವವನಲ್ಲ.

"ಸಾವ್ಕಾರ್ರೇ, ತಪ್ಪು ತಿಳಿಬ್ಯಾಡ್ರಿ. ಇದು ತೆಲುಗು ಚಾಲೋ, ಕನ್ನಡ ಚಾಲೋ?"

ಕನ್ನಡ ಚಾಲೇ ಎಂದು ದಾಕ್ಷಾಯಿಣಿ ಮುಂದೆ ಬಂದು ಬೀಗದ ಕೈಯನ್ನು ತಾನೇ ಇಸಿದುಕೊಂಡಳು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಶಾಂತವೀರಪ್ಪ ಶೆಡ್ಡಿನ ಬಾಗಿಲಲ್ಲಿ ಕಾಲು ಅಗಲಿಸಿ ನಿಂತು ಉಸಿರು ಎಳೆದ. ಎಂಟು ಜನ ಕಾಯುತ್ತಿದ್ದರು. ಚಾಲು ಅಂದರೆ ನಾಲ್ವರಿಗೆ ಸಾಕು, ಸಾಕು ಅಂದರೆ ಎಂಟು ಜನಕ್ಕೂ ರಜೆ. ಎಳೆದ ಉಸಿರು ಎದೆಯಲ್ಲೇ ನಿಂತಿತು. ಎಷ್ಟೋ ವರ್ಷದ ಹಿಂದೆ ತುತ್ತಿಗೆ ಬಾಯಿ ತೆರೆಯದ ಮಗು ನೆನಪಾಯಿತೋ, ಲಾರಿ ಹತ್ತಿ ಹೋದ ಯಂತ್ರ ನೆನಪಾಯಿತೋ, ಎರಡೂ ಕೈಯನ್ನು ಬಾಯಿಗೆ ಹಿಡಿದು ಬಸವಜ್ಯೋತಿ ಮಿಲ್ಲಿನ ಹಾಗೆ, ಉದ್ದಕ್ಕೆ, ಕೊನೆಯಲ್ಲಿ ಸ್ವಲ್ಪ ನಡುಗಿಸಿ, ಕೂಗಿದ.

ಎಂಟೂ ಮಗ್ಗ ಒಟ್ಟಿಗೆ ಹೊರಟವು.

ಅಕ್ಕಪಕ್ಕದ ಮನೆಯವರು ಮೊದಲನೇ ದಿನ ಆಂಬುಲೆನ್ಸ್ ಬಂತೆಂದು ಬೀದಿಗೆ ಓಡಿಬಂದರು. ಎರಡನೇ ದಿನ ಬೈದರು. ಮೂರನೇ ದಿನದಿಂದ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದಾರೆ.